ಓದುಗರ ಪ್ರಶ್ನೆ: ಚುನಾವಣಾ ಕಣದ ಮಹಿಳೆ, ಮೊಬೈಲ್ ಪರದೆಯ ಮೇಲೆ

ಚುನಾವಣಾ ಪ್ರಚಾರ ಮತ್ತು ಸಾಮಾಜಿಕ ಜಾಲತಾಣಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದಾಗ ಒಂದು ಸಂಗತಿ ಮನಸ್ಸಿಗೆ ನಾಟಿತು. ಪುರುಷ ಅಭ್ಯರ್ಥಿಗಳ ಪುಟಗಳ ಬಗ್ಗೆ ಬರೆದವರು ಜಾಹೀರಾತಿನ ಹಣ ಎಲ್ಲಿಂದ ಬರುತ್ತದೆ, ಸುಳ್ಳುಸುದ್ದಿಯನ್ನು ತಡೆಯುವವರು ಯಾರು ಎಂದು ಕೇಳಿದ್ದರು. ಮಹಿಳಾ ಅಭ್ಯರ್ಥಿಗಳ ಪುಟಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಬಟ್ಟೆ, ಮನೆ, ಮಕ್ಕಳು, ನಗು, ನಡವಳಿಕೆಗಳ ಬಗ್ಗೆಯೇ ಕೇಳಿದ್ದರು. ಪತ್ರ ಬರೆದವರನ್ನು ದೂರುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಆ ಪ್ರಶ್ನೆಗಳು ನಮ್ಮೆಲ್ಲರ ಮನಸ್ಸಿನಲ್ಲಿಯೂ ಇರುವಂಥವೇ. ಆದರೆ ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ. ಪತ್ರ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಮಹಿಳಾ ಅಭ್ಯರ್ಥಿಗಳ ಪುಟ ತೆರೆದರೆ ಮಕ್ಕಳ ಜೊತೆಗಿನ ಚಿತ್ರ, ಅಡುಗೆಮನೆಯ ವಿಡಿಯೊ, ಮನೆಯವರ ಹಾರೈಕೆ. ಪುರುಷರ ಪುಟ ತೆರೆದರೆ ಸಭೆ, ಮೆರವಣಿಗೆ, ಭಾಷಣ. ಮಹಿಳೆಯರಿಗೆ ಮಾತನಾಡಲು ವಿಷಯಗಳಿಲ್ಲವೆಂದು ಇದರಿಂದ ತಿಳಿಯಬೇಕೆ? (ನಿವೃತ್ತ ಶಿಕ್ಷಕರೊಬ್ಬರು)

ಹಾಗೆ ತಿಳಿಯಬೇಕಾಗಿಲ್ಲ. ಎಣಿಸಿ ನೋಡಿದವರಿಗೆ ಸಿಕ್ಕದ್ದು ಇದಕ್ಕೆ ತದ್ವಿರುದ್ಧವಾದ ಉತ್ತರ. 2012ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿದ್ದ ಅಭ್ಯರ್ಥಿಗಳು ಮತದಾನಕ್ಕೆ ಮುಂಚಿನ ವಾರಗಳಲ್ಲಿ ಟ್ವಿಟರ್‌ನಲ್ಲಿ ಬರೆದದ್ದನ್ನು ಅಲ್ಲಿನ ರಾಜ್ಯಶಾಸ್ತ್ರದ ವಿದ್ವಾಂಸರು ಕುಳಿತು ಓದಿ ವಿಂಗಡಿಸಿದರು. ಸರ್ಕಾರದ ನೀತಿ, ಕಾರ್ಯಕ್ರಮಗಳ ಬಗ್ಗೆ ಮಹಿಳೆಯರು ಪುರುಷರಿಗಿಂತ ಹೆಚ್ಚು ಬರೆದಿದ್ದರು. ಎದುರಾಳಿಯನ್ನು ನೇರವಾಗಿ ಟೀಕಿಸುವುದರಲ್ಲಿಯೂ ಅವರೇ ಮುಂದಿದ್ದರು. ಅದೊಂದು ದೇಶದ, ಒಂದು ಚುನಾವಣೆಯ ಲೆಕ್ಕ, ನಿಜ. ಆದರೂ ನಮ್ಮ ಅನಿಸಿಕೆ ಎಷ್ಟರಮಟ್ಟಿಗೆ ನಂಬಬಹುದಾದದ್ದು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಒಬ್ಬ ಅಭ್ಯರ್ಥಿ ವಾರದಲ್ಲಿ ಹತ್ತು ಪೋಸ್ಟ್ ಹಾಕಿ, ಅವುಗಳಲ್ಲಿ ಎಂಟು ಆಸ್ಪತ್ರೆ, ರಸ್ತೆ, ಉದ್ಯೋಗಗಳ ಬಗ್ಗೆ ಇದ್ದು, ಎರಡು ಮಾತ್ರ ಮನೆಯ ಚಿತ್ರಗಳಾಗಿದ್ದರೂ ಜನ ನಿಂತು ನೋಡುವುದು, ಮೆಚ್ಚುಗೆ ಒತ್ತುವುದು ಆ ಎರಡಕ್ಕೆ. ಜನ ಯಾವುದರ ಮೇಲೆ ನಿಲ್ಲುತ್ತಾರೋ ಅದನ್ನೇ ಇನ್ನಷ್ಟು ಜನರ ಮುಂದೆ ತರುವುದು ಜಾಲತಾಣದ ಲೆಕ್ಕಾಚಾರ. ಹೀಗಾಗಿ ತಮ್ಮ ಪರದೆಗೆ ಬಂದು ತಲುಪಿದ್ದು ಅವರ ಪುಟವಲ್ಲ, ನಮ್ಮಂಥ ನೋಡುಗರು ಸೋಸಿ ಉಳಿಸಿದ ಪುಟ.

ಇಷ್ಟಾದರೂ ಮನೆಯ ಚಿತ್ರಗಳು ಇರುವುದಂತೂ ಹೌದು. ಅವು ಏಕಿವೆ ಎಂದು ಯೋಚಿಸುವಾಗ ನನಗೆ ಆಸ್ಟ್ರೇಲಿಯಾದ ಜೂಲಿಯಾ ಗಿಲಾರ್ಡ್ ಅವರ ಹಣ್ಣಿನ ಬಟ್ಟಲು ನೆನಪಾಗುತ್ತದೆ. 2005ರಲ್ಲಿ, ಅವರು ಇನ್ನೂ ಪ್ರಧಾನಿಯಾಗಿರದಿದ್ದಾಗ, ಪತ್ರಿಕೆಯೊಂದರ ಛಾಯಾಗ್ರಾಹಕರು ಅವರ ಮನೆಯ ಅಡುಗೆಮನೆಯಲ್ಲಿ ಅವರ ಚಿತ್ರ ತೆಗೆದರು. ಮೇಜಿನ ಮೇಲೊಂದು ಬಟ್ಟಲಿತ್ತು, ಅದರಲ್ಲಿ ಹಣ್ಣು ಇರಲಿಲ್ಲ. ಆ ಖಾಲಿ ಬಟ್ಟಲನ್ನು ಹಿಡಿದುಕೊಂಡು ಅವರ ಒಂಟಿತನ, ಮಕ್ಕಳಿಲ್ಲದಿರುವಿಕೆ, ಮನೆಯ ಬಗೆಗಿನ ಅನಾಸ್ಥೆಗಳ ಮೇಲೆ ವರ್ಷಗಟ್ಟಲೆ ಮಾತುಗಳು ಹರಿದವು. 2007ರಲ್ಲಿ ಸಂಸದರೊಬ್ಬರು ಅವರನ್ನು ಬೇಕೆಂದೇ ಬಂಜೆಯಾಗಿ ಉಳಿದವರು ಎಂದು ಕರೆದು ಆಮೇಲೆ ಕ್ಷಮೆ ಕೇಳಬೇಕಾಯಿತು. ಕೆಲಸದಿಂದ ತಡವಾಗಿ ಮನೆಗೆ ಬರುವ ಒಬ್ಬ ಪುರುಷ ನಾಯಕನ ಮನೆಯಲ್ಲಿ ಹಣ್ಣಿಲ್ಲದಿದ್ದರೆ ಆತ ದುಡಿಮೆಗಾರ ಎಂದು ಹೊಗಳುತ್ತಿದ್ದರೋ ಏನೋ. ಇನ್ನೊಂದು ತುದಿಯನ್ನೂ ನೋಡಿ. ನ್ಯೂಜಿಲೆಂಡಿನ ಜಸಿಂಡಾ ಆರ್ಡರ್ನ್ 2017ರ ಆಗಸ್ಟ್ 1ರಂದು, ಚುನಾವಣೆಗೆ ಎಂಟು ವಾರ ಕೂಡ ಇಲ್ಲದ ಹೊತ್ತಿನಲ್ಲಿ, ತಮ್ಮ ಪಕ್ಷದ ನಾಯಕಿಯಾದರು. ಒಂದು ದಿನ ಕಳೆಯುವಷ್ಟರಲ್ಲಿ ಎರಡು ದೂರದರ್ಶನ ಕಾರ್ಯಕ್ರಮಗಳಲ್ಲಿ ಮಕ್ಕಳನ್ನು ಪಡೆಯುವ ಯೋಚನೆಯ ಬಗ್ಗೆ ಮಾತು ಎದ್ದಿತು. ಒಬ್ಬ ಹೆಣ್ಣುಮಗಳು ತನ್ನ ಉದ್ಯೋಗದ ಸ್ಥಳದಲ್ಲಿ ಇಂಥ ಪ್ರಶ್ನೆಗೆ ಉತ್ತರಿಸಬೇಕೆಂದು ನಿರೀಕ್ಷಿಸುವುದು ಒಪ್ಪತಕ್ಕದ್ದಲ್ಲ ಎಂದು ಅವರು ಬೆರಳು ತೋರಿಸಿ ಹೇಳಿದ ತುಣುಕು ದೇಶದ ಗಡಿ ದಾಟಿ ಹರಿದಾಡಿತು.

ಮಕ್ಕಳಿಲ್ಲದಿದ್ದರೆ ಅದೊಂದು ಪ್ರಶ್ನೆ. ಮಕ್ಕಳಿದ್ದರೆ ಅವರನ್ನು ಬಿಟ್ಟು ಪ್ರಚಾರಕ್ಕೆ ಹೇಗೆ ಬಂದಿರಿ ಎಂಬುದು ಇನ್ನೊಂದು ಪ್ರಶ್ನೆ. ಮಹಿಳಾ ಅಭ್ಯರ್ಥಿಯ ಪುಟದಲ್ಲಿರುವ ಮನೆಯ ಚಿತ್ರವನ್ನು, ಯಾರೂ ಬಾಯಿಬಿಟ್ಟು ಕೇಳದಿದ್ದರೂ ಗಾಳಿಯಲ್ಲಿ ತೂಗುತ್ತಿರುವ ಇಂಥದೊಂದು ಪ್ರಶ್ನೆಗೆ ಕೊಟ್ಟ ಉತ್ತರವೆಂದು ಓದಿದರೆ ಅದರ ಅರ್ಥ ತಿಳಿಯಾಗುತ್ತದೆ. ಪುರುಷ ಅಭ್ಯರ್ಥಿಯೂ ಮಗುವನ್ನು ಎತ್ತಿಕೊಂಡ ಚಿತ್ರ ಹಾಕುತ್ತಾನೆ, ಆದರೆ ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ಅವನನ್ನು ಯಾರೂ ಕೇಳುವುದಿಲ್ಲ. 2018ರಲ್ಲಿ ಅಮೆರಿಕದ ಎರಡು ರಾಜ್ಯಗಳಲ್ಲಿ ಗವರ್ನರ್ ಹುದ್ದೆಗೆ (ಅಲ್ಲಿ ಅದು ಜನರೇ ಆರಿಸುವ, ರಾಜ್ಯ ಸರ್ಕಾರದ ಮುಖ್ಯಸ್ಥರ ಹುದ್ದೆ) ಸ್ಪರ್ಧಿಸಲು ಹೊರಟ ಕೆಲ್ಡಾ ರಾಯ್ಸ್ ಮತ್ತು ಕೃಷ್ ವಿಘ್ನರಾಜಾ ತಮ್ಮ ಪ್ರಚಾರದ ವಿಡಿಯೊಗಳಲ್ಲಿ ಕೂಸಿಗೆ ಹಾಲೂಡಿಸುತ್ತಲೇ ಕಾಣಿಸಿಕೊಂಡರು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಏಳುವ ಮೊದಲೇ ಅದನ್ನು ಅವರು ತಮ್ಮ ಮಾತಿನ ವಿಷಯವನ್ನಾಗಿ ಮಾಡಿಕೊಂಡರು. ಇಬ್ಬರೂ ತಮ್ಮ ಪಕ್ಷದ ಒಳಚುನಾವಣೆಯಲ್ಲಿ, ಎಂದರೆ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಮತದಾನದಲ್ಲಿ, ಸೋತರು. ಆದರೆ ಅದೇ ವರ್ಷದ ಮೇ ತಿಂಗಳಿನಲ್ಲಿ, ಲಿಯೂಬಾ ಗ್ರೆಚೆನ್ ಶರ್ಲಿ ಎಂಬ ಇನ್ನೊಬ್ಬ ಅಭ್ಯರ್ಥಿಯ ಕೋರಿಕೆಯ ಮೇಲೆ, ಪ್ರಚಾರದ ನಿಮಿತ್ತ ಮಕ್ಕಳನ್ನು ನೋಡಿಕೊಳ್ಳುವವರಿಗೆ ತೆತ್ತ ಹಣವನ್ನು ಪ್ರಚಾರದ ನಿಧಿಯಿಂದ ಭರಿಸಬಹುದೆಂದು ಆ ದೇಶದ ಚುನಾವಣಾ ಆಯೋಗ ಒಪ್ಪಿತು. ಮಗು ಇರುವ ಅಭ್ಯರ್ಥಿಗೆ ಇದು ಎಂಥ ಒತ್ತಾಸೆ ಎಂಬುದು ಮಕ್ಕಳನ್ನು ಸಾಕಿದವರಿಗೆ ಗೊತ್ತು.

ಪ್ರಶ್ನೆ: ನಾನು ಸಂವಹನ ವಿಷಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಮಹಿಳಾ ರಾಜಕಾರಣಿಗಳು ಜಾಲತಾಣದಲ್ಲಿ ತೋರಿಸುವ ‘ಸಹಜತೆ’ಯ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಸಹಜವಾದದ್ದು ಯಾವುದು, ನಟನೆ ಯಾವುದು ಎಂದು ಬೇರ್ಪಡಿಸುವುದು ಹೇಗೆ?

ಬೇರ್ಪಡಿಸುವ ಆಸೆಯನ್ನು ಮೊದಲು ಕೈಬಿಡಿ ಎಂದು ಸಲಹೆ ಕೊಡುತ್ತೇನೆ; ಪ್ರಬಂಧ ಆಗ ಗಟ್ಟಿಯಾಗುತ್ತದೆ. ಎರ್ವಿಂಗ್ ಗಾಫ್ಮನ್ ಎಂಬ ಸಮಾಜಶಾಸ್ತ್ರಜ್ಞರು ನಮ್ಮ ದಿನನಿತ್ಯದ ಬಾಳನ್ನು ರಂಗಭೂಮಿಯ ಮಾತಿನಲ್ಲಿ ವಿವರಿಸಿದ್ದು ನಿಮಗೆ ಪಾಠದಲ್ಲಿ ಬಂದಿರಬೇಕು. ಜನರೆದುರು ನಾವು ರಂಗದ ಮುಂಭಾಗದಲ್ಲಿರುತ್ತೇವೆ, ಬಾಗಿಲು ಮುಚ್ಚಿಕೊಂಡ ಮೇಲೆ ನೇಪಥ್ಯಕ್ಕೆ ಸರಿಯುತ್ತೇವೆ ಎಂಬುದು ಅವರ ವಿಚಾರ. ಮೊಬೈಲ್ ಕ್ಯಾಮೆರಾ ಬಂದ ಮೇಲೆ ಆದದ್ದೇನೆಂದರೆ, ನೇಪಥ್ಯವನ್ನೇ ರಂಗಕ್ಕೆ ತಂದು ನಿಲ್ಲಿಸುವುದು ಪ್ರಚಾರದ ಬಲವಾದ ತಂತ್ರವಾಯಿತು. ಆದ್ದರಿಂದ ‘ಇದು ನಿಜವೇ’ ಎಂದು ಕೇಳುವುದಕ್ಕಿಂತ, ‘ನೇಪಥ್ಯದ ಯಾವ ತುಣುಕನ್ನು ಆರಿಸಿ ತಂದರು, ಯಾವುದನ್ನು ಅಲ್ಲಿಯೇ ಬಿಟ್ಟರು, ಆ ಆಯ್ಕೆ ಯಾವ ಗುಮಾನಿಯನ್ನು ನಿವಾರಿಸಲು’ ಎಂದು ಕೇಳಿದರೆ ನಿಮಗೆ ಹೆಚ್ಚು ಸಿಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಅಮೆರಿಕದ ರಾಜಕಾರಣಿ ಹಿಲರಿ ಕ್ಲಿಂಟನ್ 2013ರ ಜೂನ್‌ನಲ್ಲಿ ಟ್ವಿಟರ್‌ಗೆ ಬಂದಾಗ ಬರೆದುಕೊಂಡ ಪರಿಚಯದ ಸಾಲು ‘ಪತ್ನಿ, ತಾಯಿ, ವಕೀಲೆ’ ಎಂದು ಶುರುವಾಗುತ್ತಿತ್ತು. ಸೆನೆಟರ್, ವಿದೇಶಾಂಗ ಸಚಿವೆ ಎಂಬ ಪದವಿಗಳು ಸಾಲಿನ ನಡುವೆ ಎಲ್ಲೋ ಬರುತ್ತಿದ್ದವು. ಆಮೇಲೆ ನಾಯಿ ಸಾಕಿದವರು, ಕೇಶವಿನ್ಯಾಸಕ್ಕೆ ಹೆಸರಾದವರು, ಪ್ಯಾಂಟ್‌ಸೂಟ್ ಪ್ರಿಯೆ ಎಂಬ ತಮಾಷೆಗಳು. ಕೊನೆಯಲ್ಲಿ, ಮುಂದಿನದು ಇನ್ನೂ ತೀರ್ಮಾನವಾಗಿಲ್ಲ ಎಂಬ ಮೂರಕ್ಷರದ ಸಂಕ್ಷೇಪ. ವರ್ಷಗಟ್ಟಲೆ ತಮ್ಮ ಕೂದಲು ಮತ್ತು ಬಟ್ಟೆಯ ಬಗ್ಗೆ ಪರರು ಆಡಿದ ಹಾಸ್ಯವನ್ನು ಅವರು ತಾವೇ ಎತ್ತಿಕೊಂಡು ಅದರ ಮೊನೆ ಮುರಿದರು. ಅಧ್ಯಕ್ಷ ಹುದ್ದೆಯ ಆಸೆಯನ್ನು ಹೆಣ್ಣೊಬ್ಬಳು ತಾನಾಗಿ ಹೇಳಿಕೊಂಡರೆ ಅದನ್ನು ದುರಾಸೆಯೆಂದು ಓದುವವರಿರುವುದರಿಂದ, ಆ ಆಸೆಯನ್ನು ಸಾಲಿನ ತುದಿಯಲ್ಲಿ, ನಗುವಿನ ಮರೆಯಲ್ಲಿ ಇಟ್ಟರು. ನಾಲ್ಕು ದಶಕ ಸಾರ್ವಜನಿಕ ಜೀವನದಲ್ಲಿದ್ದ ವ್ಯಕ್ತಿಗೆ ತಾನು ಮೊದಲು ಪತ್ನಿ, ಆಮೇಲೆ ತಾಯಿ ಎಂದು ಬರೆಯಬೇಕಾಗಿ ಬಂದದ್ದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅದು ಅವರ ಮೇಲಿನ ಬೇಸರವಲ್ಲ.

ಐದು ವರ್ಷಗಳ ನಂತರ, 2018ರಲ್ಲಿ, ಅದೇ ದೇಶದಲ್ಲಿ ಮುಂದೆ ಸಂಸದೆಯಾದ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ತಮ್ಮ ಪಕ್ಷದ ಒಳಚುನಾವಣೆಗೆಂದು ಬಿಡುಗಡೆ ಮಾಡಿದ ಎರಡು ನಿಮಿಷಗಳ ವಿಡಿಯೊವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತನ್ನಂಥ ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲುವುದನ್ನು ಯಾರೂ ನಿರೀಕ್ಷಿಸುವುದಿಲ್ಲ ಎಂಬ ಮಾತಿನಿಂದಲೇ ಅದು ಶುರುವಾಗುತ್ತದೆ. ಕನ್ನಡಿಯ ಮುಂದೆ ನಿಂತು ಸಿದ್ಧರಾಗುವುದು, ನೆಲದಡಿಯ ರೈಲು ನಿಲ್ದಾಣದಲ್ಲಿ ನಿಂತುಕೊಂಡೇ ಚಪ್ಪಲಿ ಬದಲಿಸಿಕೊಳ್ಳುವುದು, ಹೀಗೆ ಕೆಲಸಕ್ಕೆ ಹೊರಟ ಯಾವ ಮಹಿಳೆಗೂ ಪರಿಚಿತವಾದ ಚಲನೆಗಳು ಅದರಲ್ಲಿವೆ. ಅವು ಚಿತ್ರೀಕರಿಸಿದ ದೃಶ್ಯಗಳೇ. ಕ್ಯಾಮೆರಾ, ಬೆಳಕು, ಸಂಕಲನ ಎಲ್ಲವೂ ಇವೆ. ಹಾಗೆಂದು ಸುಳ್ಳಲ್ಲ. ಅಲಂಕಾರವನ್ನು ಮುಚ್ಚಿಟ್ಟು ‘ಹುಟ್ಟಾ ಚೆಲುವೆ’ಯಾಗಿ ಕಾಣಿಸಿಕೊಳ್ಳುವ ಹಳೆಯ ಹಾದಿಯನ್ನು ಬಿಟ್ಟು, ಹೆಣ್ಣು ಸಾರ್ವಜನಿಕ ಸ್ಥಳಕ್ಕೆ ಬರುವ ಮುನ್ನ ಎಷ್ಟು ಸಿದ್ಧತೆ ಮಾಡಿಕೊಳ್ಳಬೇಕಾಗುತ್ತದೆ ಎಂಬುದನ್ನೇ ಅವರು ತೋರಿಸಿದರು. ಕ್ಲಿಂಟನ್ ಬಟ್ಟೆಯ ವಿಷಯವನ್ನು ಹಾಸ್ಯದಲ್ಲಿ ಕರಗಿಸಿದರು, ಇವರು ಅದನ್ನು ದುಡಿಮೆಯ ಭಾಗವಾಗಿ ತೋರಿಸಿದರು. ಪ್ರಬಂಧಕ್ಕೆ ಇಂಥ ಜೋಡಿಗಳನ್ನು ಹುಡುಕಿಕೊಳ್ಳಿ. ಮತ್ತೊಂದು ಮಾತು: ಜಾಲತಾಣದಿಂದ ಜಾಲತಾಣಕ್ಕೆ ಸಹಜತೆಯ ಅರ್ಥ ಬದಲಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಇದೇ ಸಂಸದೆ ಆಟಗಳನ್ನು ನೇರಪ್ರಸಾರ ಮಾಡುವ ಟ್ವಿಚ್ ಎಂಬ ತಾಣದಲ್ಲಿ ಸಹಸಂಸದೆ ಇಲ್ಹಾನ್ ಓಮರ್ ಜೊತೆ ಆನ್‌ಲೈನ್ ಆಟವಾಡುತ್ತ, ಮತದಾನದ ಮಾಹಿತಿ ಹೇಳುತ್ತ ಕುಳಿತಾಗ ಒಂದೇ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಅದೇ ವಿಡಿಯೊವನ್ನು ಹಿರಿಯರೇ ಹೆಚ್ಚಾಗಿರುವ ಫೇಸ್‌ಬುಕ್ ಪುಟದಲ್ಲಿ ಹಾಕಿದ್ದರೆ ಸಂಸದೆಗೆ ಆಟವಾಡಲು ಬಿಡುವಿದೆಯೇ ಎಂಬ ಕಾಮೆಂಟುಗಳೇ ಬರುತ್ತಿದ್ದವೆಂದು ನನ್ನ ಊಹೆ.

ಪ್ರಶ್ನೆ: ಬಟ್ಟೆಯ ಬಗ್ಗೆ ಮಾತನಾಡುವುದು ತಪ್ಪೆನ್ನುತ್ತೀರಿ. ಆದರೆ ರಾಜಕಾರಣಿಗಳೇ ತಮ್ಮ ಉಡುಪಿನ ಚಿತ್ರಗಳನ್ನು ಹಾಕುತ್ತಾರಲ್ಲ?

ಹಾಕುತ್ತಾರೆ. ಅಧ್ಯಕ್ಷ ಚುನಾವಣೆಗೆ ಹೊರಟ ಕ್ಲಿಂಟನ್ 2015ರಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದಾಗ ಮೊದಲು ಹಾಕಿದ ಚಿತ್ರವೇ ಸಾಲಾಗಿ ತೂಗುಹಾಕಿದ ಕೆಂಪು, ಬಿಳಿ, ನೀಲಿ ಕೋಟುಗಳದು. ಅವು ಆ ದೇಶದ ಬಾವುಟದ ಬಣ್ಣಗಳು. ಉಡುಪು ಒಂದು ಭಾಷೆ, ಅದರಲ್ಲಿ ಮಾತನಾಡುವ ಹಕ್ಕು ಅವರಿಗಿದೆ, ಅವರು ಏನು ಹೇಳಿದರು ಎಂದು ಚರ್ಚಿಸುವ ಹಕ್ಕು ನಮಗೂ ಇದೆ. ನನ್ನ ತಕರಾರಿರುವುದು ಅರ್ಹತೆಯನ್ನು ಬಟ್ಟೆಯಿಂದ ಅಳೆಯುವುದರ ಬಗ್ಗೆ. 2019ರ ಮೇ ತಿಂಗಳಿನಲ್ಲಿ ಲೋಕಸಭೆಗೆ ಆಯ್ಕೆಯಾದ ಮಿಮಿ ಚಕ್ರವರ್ತಿ ಮತ್ತು ನುಸ್ರತ್ ಜಹಾನ್ ಸಂಸತ್ ಭವನದ ಮುಂದೆ ನಿಂತ ತಮ್ಮ ಚಿತ್ರಗಳನ್ನು ಹಾಕಿದರು. ಮೊದಲ ದಿನದ ಸಂತೋಷ ಯಾವ ಹೊಸ ಸಂಸದನಿಗೂ ಇರುವಂಥದ್ದೇ. ಆದರೆ ಅವರು ತೊಟ್ಟದ್ದು ಪ್ಯಾಂಟು, ಅಂಗಿಗಳಾಗಿದ್ದವೆಂದು ದಿನಗಟ್ಟಲೆ ಗೇಲಿ ಮಾಡಿದರು. ಆ ಕಟ್ಟಡಕ್ಕೆ ಪ್ಯಾಂಟು, ಅಂಗಿ ತೊಟ್ಟು ಹೋದ ಪುರುಷರನ್ನು ಎಣಿಸಲು ಸಾಧ್ಯವೇ? ಫಿನ್ಲೆಂಡಿನ ಆಗಿನ ಪ್ರಧಾನಿ ಸನ್ನಾ ಮರಿನ್ 2020ರಲ್ಲಿ ನಿಯತಕಾಲಿಕವೊಂದಕ್ಕೆ ಕೊಟ್ಟ ಚಿತ್ರದಲ್ಲಿ ಕೋಟಿನ ಕೊರಳು ಆಳವಾಗಿತ್ತೆಂದು ಗದ್ದಲವಾದಾಗ ಅಲ್ಲಿನ ನೂರಾರು ಮಹಿಳೆಯರು ಅಂಥದೇ ಕೋಟು ತೊಟ್ಟು ತಮ್ಮ ಚಿತ್ರಗಳನ್ನು ಹಾಕಿ ಜೊತೆ ನಿಂತರು. ಆ ಸಂದರ್ಶನದಲ್ಲಿ ಅವರು ದುಡಿಮೆಯ ಒತ್ತಡದ ಬಗ್ಗೆ ಮಾತನಾಡಿದ್ದರು. ಚಿತ್ರ ನೋಡಿ ಕೂಗಾಡಿದವರಲ್ಲಿ ಎಷ್ಟು ಜನ ಅದನ್ನು ಓದಿದ್ದರು?

ಪ್ರಶ್ನೆ: ನಾನು ಮೊದಲ ಬಾರಿಗೆ ಸ್ಥಳೀಯ ಚುನಾವಣೆಗೆ ನಿಲ್ಲುತ್ತಿದ್ದೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಮನೆಯವರು ಮತ್ತು ಪಕ್ಷದ ಹುಡುಗರು ತೆರೆದುಕೊಟ್ಟಿದ್ದಾರೆ, ಅವರೇ ನೋಡಿಕೊಳ್ಳುತ್ತಿದ್ದಾರೆ. ‘ಎಲ್ಲರ ಮನೆಮಗಳು, ಇಬ್ಬರು ಮಕ್ಕಳ ತಾಯಿ, ಸರಳ ಸಜ್ಜನಿಕೆಯ ವ್ಯಕ್ತಿತ್ವ, ನಿಮ್ಮ ಸೇವೆಗೆ ಸದಾ ಸಿದ್ಧ’ ಎಂದು ಪರಿಚಯ ಬರೆದಿದ್ದಾರೆ. ನನ್ನ ಬಗ್ಗೆ ಎಷ್ಟು ತೋರಿಸಬೇಕು, ಎಷ್ಟು ಮುಚ್ಚಿಡಬೇಕು ಎಂದು ತಿಳಿಸಿ.

ಅಕ್ಕಾ, ತಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪುಟಗಳ ಆ ಪತ್ರದ ಮೂರನೆಯ ಪುಟದಲ್ಲಿ, ಏನೋ ಸಣ್ಣ ಸಂಗತಿಯೆಂಬಂತೆ, ತಮ್ಮ ಬಡಾವಣೆಗೆ ಕುಡಿಯುವ ನೀರಿನ ಕೊಳವೆ ತರಲು 4 ವರ್ಷ ಕಚೇರಿಗಳಿಗೆ ಅಲೆದಿದ್ದಾಗಿ ಒಂದೇ ಸಾಲು ಬರೆದಿದ್ದೀರಿ. ತಮ್ಮ ಪರಿಚಯ ಇರಬೇಕಾದದ್ದು ಆ ಸಾಲಿನಲ್ಲಿ. ‘ನಮ್ಮ ಬಡಾವಣೆಗೆ ನೀರಿನ ಕೊಳವೆ ತರಿಸಲು 4 ವರ್ಷ ದುಡಿದಿದ್ದೇನೆ. ಪಕ್ಕದ ಎರಡು ಬಡಾವಣೆಗಳಿಗೂ ತರಿಸಬೇಕೆಂದು ಚುನಾವಣೆಗೆ ನಿಂತಿದ್ದೇನೆ’ ಎಂದು ಬರೆದುನೋಡಿ. ಮನೆಮಗಳು ಎಂಬ ಮಾತಿನಲ್ಲಿ ಅಕ್ಕರೆಯಿದೆ, ಅದನ್ನು ಜನ ಕರೆದರೆ ಸಂತೋಷಪಡಿ; ಆದರೆ ತಾವೇ ಬರೆದುಕೊಂಡಾಗ ಅದು ತಮ್ಮನ್ನು ಎಲ್ಲರ ಮಾತು ಕೇಳಬೇಕಾದವರ ಸ್ಥಾನದಲ್ಲಿ ಕೂರಿಸುತ್ತದೆ. ಅಧಿಕಾರ ಕೇಳಲು ಹೊರಟವರಿಗೆ ಅದು ಸರಿಯಾದ ಪೀಠವಲ್ಲ. ಇಬ್ಬರು ಮಕ್ಕಳ ತಾಯಿ ಎಂಬುದು ಇರಲಿ ಎನ್ನಿಸಿದರೆ ಇರಲಿ, ಎರಡನೆಯ ಸಾಲಿನಲ್ಲಿ.

ಖಾತೆಯ ಗುಪ್ತಪದ ತಮ್ಮ ಕೈಯಲ್ಲಿರಬೇಕು. ಇದು ಮನೆಯವರ ಮೇಲಿನ ಅಪನಂಬಿಕೆಯ ಮಾತಲ್ಲ. ತಮ್ಮ ಹೆಸರಿನಲ್ಲಿ ಹೊರಹೋಗುವ ಪ್ರತಿ ಮಾತಿಗೂ ತಾವೇ ಹೊಣೆಗಾರರು. ರಾತ್ರಿ ಹನ್ನೊಂದಕ್ಕೆ ಪಕ್ಷದ ಹುಡುಗನೊಬ್ಬ ಆವೇಶದಲ್ಲಿ ಎದುರಾಳಿಯ ಮನೆಯವರ ಬಗ್ಗೆ ಬರೆದುಬಿಟ್ಟರೆ ಬೆಳಿಗ್ಗೆ ಉತ್ತರ ಕೊಡಬೇಕಾದವರು ತಾವು. ಹುಡುಗರು ಪೋಸ್ಟ್ ಸಿದ್ಧಪಡಿಸಲಿ, ವಿಡಿಯೊ ಕತ್ತರಿಸಿ ಜೋಡಿಸಲಿ. ಹೊರಬಿಡುವ ಗುಂಡಿಯನ್ನು ಒತ್ತುವ ಬೆರಳು ತಮ್ಮದೇ ಆಗಿರಲಿ. ಲಾಗಿನ್‌ಗೆ ಎರಡು ಹಂತದ ಭದ್ರತೆಯನ್ನು ಇವತ್ತೇ ಹಾಕಿಸಿಕೊಳ್ಳಿ. ಪ್ರಚಾರಕ್ಕೆಂದು ಬೇರೆಯೇ ಒಂದು ಮೊಬೈಲ್ ಸಂಖ್ಯೆ ಇಟ್ಟುಕೊಳ್ಳಿ, ಏಕೆಂದರೆ ಒಮ್ಮೆ ಪೋಸ್ಟರಿನ ಮೇಲೆ ಬಂದ ಸಂಖ್ಯೆ ಮತ್ತೆ ಖಾಸಗಿಯಾಗುವುದಿಲ್ಲ.

ವಿಡಿಯೊ ಮಾಡುವಾಗ ಗೋಡೆಯ ಮುಂದೆ ನಿಂತು ಭಾಷಣ ಮಾಡಬೇಡಿ. ಯಾವುದರ ಬಗ್ಗೆ ಮಾತನಾಡುತ್ತೀರೋ ಅದರ ಪಕ್ಕದಲ್ಲಿ ನಿಲ್ಲಿ: ಒಡೆದ ಕೊಳವೆಯಾದರೆ ಕೊಳವೆಯ ಪಕ್ಕ, ಕತ್ತಲ ರಸ್ತೆಯಾದರೆ ಸಂಜೆ ಅದೇ ರಸ್ತೆಯಲ್ಲಿ. ಕ್ಯಾಮೆರಾವನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಹಿಡಿಯಲು ಹೇಳಿ. ಮೇಲಿನಿಂದ ಹಿಡಿದರೆ ತಾವು ಕುಗ್ಗಿ ಕಾಣುತ್ತೀರಿ, ತೀರ ಕೆಳಗಿನಿಂದ ಹಿಡಿದರೆ ಗದರಿಸುವವರಂತೆ ಕಾಣುತ್ತೀರಿ. ಹೇಳಬೇಕಾದ ಮುಖ್ಯ ಮಾತು ಮೊದಲ ವಾಕ್ಯದಲ್ಲಿಯೇ ಬರಲಿ, ನಮಸ್ಕಾರ ಮತ್ತು ಹಾರೈಕೆಗಳು ಕೊನೆಗಿರಲಿ. ಬಸ್ಸಿನಲ್ಲಿ, ಕಚೇರಿಯಲ್ಲಿ ದನಿ ಇಲ್ಲದೆ ನೋಡುವವರೇ ಬಹಳ, ಹಾಗಾಗಿ ಮಾತನ್ನು ಪರದೆಯ ಮೇಲೆ ಅಕ್ಷರಗಳಲ್ಲಿಯೂ ಮೂಡಿಸಿ. ಅಧಿಕಾರಿಗೆ ಕೊಟ್ಟ ಮನವಿಯ ಚಿತ್ರ ಹಾಕುವುದಾದರೆ ಅದರ ದಿನಾಂಕ ಕಾಣುವಂತೆ ಹಾಕಿ. ಎಷ್ಟು ದಿನಗಳಾದವು ಎಂದು ನೋಡಿದವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಮುಚ್ಚಿಡಬೇಕಾದದ್ದರ ಬಗ್ಗೆ ಕೇಳಿದ್ದೀರಿ. ಮಕ್ಕಳ ಮುಖ, ಶಾಲೆಯ ಸಮವಸ್ತ್ರ, ಮನೆಯ ಬಾಗಿಲು, ವಾಹನದ ಸಂಖ್ಯೆ, ಇವು ಪುಟದಲ್ಲಿ ಬಾರದಿರಲಿ. ಎಲ್ಲಿದ್ದೀರೆಂಬುದನ್ನು ಆ ಸ್ಥಳ ಬಿಟ್ಟ ಮೇಲೆ ತಿಳಿಸಿ. ಮೊದಲೇ ಪ್ರಕಟಿಸಿದ ಸಭೆಗಳ ಮಾತು ಬೇರೆ. ಮಕ್ಕಳಿಗೆ ಹತ್ತು ವರ್ಷ ದಾಟಿದ್ದರೆ ಚಿತ್ರ ಹಾಕುವ ಮುನ್ನ ಅವರನ್ನೇ ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ. ಅದರಾಚೆಗೆ ತಮಗೆ ಹಿತವೆನಿಸಿದಷ್ಟನ್ನು ತೋರಿಸಬಹುದು. ಮನೆಯ ಚಿತ್ರ ಹಾಕಲೇಬೇಕೆಂಬ ಕಟ್ಟಳೆಯಿಲ್ಲ. ಹಾಕಿದರೆ ಗಾಂಭೀರ್ಯ ಕಡಿಮೆಯಾಗುತ್ತದೆಂಬ ಅಂಜಿಕೆಯೂ ಬೇಡ.

ಕೊನೆಯದಾಗಿ, ಕಾಮೆಂಟುಗಳನ್ನು ತಾವೊಬ್ಬರೇ ಕುಳಿತು ಓದಬೇಡಿ. ನಂಬಿಕೆಯ ಗೆಳತಿಯೊಬ್ಬರಿಗೆ ಆ ಕೆಲಸ ಒಪ್ಪಿಸಿ. ವಿಷಯದ ಮೇಲೆ ಟೀಕೆ ಬಂದರೆ ಎಷ್ಟೇ ಕಟುವಾಗಿದ್ದರೂ ಅಳಿಸಬಾರದು, ಉತ್ತರಿಸಬೇಕು. ದೇಹದ ಬಗ್ಗೆ, ಚಾರಿತ್ರ್ಯದ ಬಗ್ಗೆ ಬಂದ ಮಾತನ್ನು ಮೊದಲು ಸ್ಕ್ರೀನ್‌ಶಾಟ್ ತೆಗೆದು, ಬರೆದ ಖಾತೆಯ ವಿಳಾಸ ಮತ್ತು ದಿನಾಂಕದ ಸಮೇತ ಉಳಿಸಿಕೊಂಡು, ಆಮೇಲೆ ಅಳಿಸಬೇಕು. ಅಳಿಸಿದ ಮೇಲೆ ದೂರು ಕೊಡಲು ಹೋದರೆ ಕೈಯಲ್ಲಿ ಪುರಾವೆ ಇರುವುದಿಲ್ಲ.

ಪ್ರಶ್ನೆ: ರಾಜಕಾರಣಕ್ಕೆ ಬಂದ ಮೇಲೆ ಟ್ರೋಲ್ ಆಗುವುದು ಎಲ್ಲರಿಗೂ ಇದ್ದದ್ದೇ. ಮಹಿಳೆಯರು ಮಾತ್ರ ಅದನ್ನು ದೊಡ್ಡದು ಮಾಡುವುದು ಏಕೆ?

ಅಂಕಿಅಂಶಗಳನ್ನು ಮುಂದಿಡುತ್ತೇನೆ, ದಯವಿಟ್ಟು ನೋಡಿ. ನಾನಾ ದೇಶಗಳ ಸಂಸತ್ತುಗಳ ಸಂಘಟನೆಯಾದ ಅಂತರ-ಸಂಸದೀಯ ಒಕ್ಕೂಟವು 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತನಾಡಿಸಿದಾಗ ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ತಮಗೆ ಕೊಲೆ, ಅತ್ಯಾಚಾರ, ಹಲ್ಲೆ ಅಥವಾ ಅಪಹರಣದ ಬೆದರಿಕೆ ಬಂದಿದೆಯೆಂದು ಹೇಳಿದರು. ಮಾನವ ಹಕ್ಕುಗಳಿಗಾಗಿ ದುಡಿಯುವ ಆಮ್ನೆಸ್ಟಿ ಸಂಸ್ಥೆಯು 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಭಾರತದ 95 ಮಹಿಳಾ ರಾಜಕಾರಣಿಗಳನ್ನು ಉದ್ದೇಶಿಸಿ ಬಂದ 1 ಲಕ್ಷ 14 ಸಾವಿರಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನೂರಕ್ಕೆ 13.8ರಷ್ಟು, ಎಂದರೆ ಏಳರಲ್ಲಿ ಒಂದು, ನಿಂದನೆಯ ಅಥವಾ ಆಕ್ಷೇಪಾರ್ಹವಾದ ಟ್ವೀಟ್ ಆಗಿತ್ತು. ಧರ್ಮ, ಜಾತಿಗಳ ಕಾರಣದಿಂದ ಅಂಚಿನಲ್ಲಿರುವ ಮಹಿಳೆಯರಿಗೆ ಇದರ ಪಾಲು ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ ಇದೇ ಸಂಸ್ಥೆ 177 ಸಂಸದೆಯರ ವಿಷಯದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2017ರ ಚುನಾವಣೆಗೆ ಮುಂಚಿನ ಆರು ವಾರಗಳಲ್ಲಿ ಬಂದ ನಿಂದನೆಯ ಟ್ವೀಟ್‌ಗಳಲ್ಲಿ ನೂರಕ್ಕೆ 45ರಷ್ಟು ಒಬ್ಬರೇ ಮಹಿಳೆಗೆ ಬಂದಿದ್ದವು. ಆಕೆ ಡಯಾನ್ ಆಬಟ್, ಆ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ.

ಈಗ ಇದಕ್ಕೆ ಕೃತಕ ಬುದ್ಧಿಮತ್ತೆಯಿಂದ ತಯಾರಾದ ನಕಲಿ ವಿಡಿಯೊಗಳೂ ಸೇರಿವೆ. ಉತ್ತರ ಐರ್ಲೆಂಡಿನ ಶಾಸಕಿ ಕಾರಾ ಹಂಟರ್ 2022ರಲ್ಲಿ, ಮತದಾನಕ್ಕೆ ಕೆಲವು ವಾರಗಳಿದ್ದಾಗ, ಅಜ್ಜಿಯ ತೊಂಬತ್ತನೆಯ ಹುಟ್ಟುಹಬ್ಬದಲ್ಲಿದ್ದರು. ಆಗ ಅಪರಿಚಿತನೊಬ್ಬನಿಂದ ಒಂದು ಸಂದೇಶ ಬಂತು: ವಿಡಿಯೊದಲ್ಲಿರುವುದು ನೀವೇ ಏನು? ತಮ್ಮ ಹೋಲಿಕೆಯ ಅಶ್ಲೀಲ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತಿರುವುದು ಅವರಿಗೆ ತಿಳಿದದ್ದು ಹಾಗೆ. ಅದು ತಾನಲ್ಲವೆಂದು ಸ್ವಂತ ಮನೆಯವರಿಗೆ, ಮತದಾರರಿಗೆ ಹೇಳಿಕೊಂಡು ತಿರುಗಬೇಕಾಯಿತು. ಕೊನೆಗೆ ಅವರು 14 ಮತಗಳಿಂದ ಗೆದ್ದರು. ಪುರುಷರನ್ನೂ ಬೈಯುತ್ತಾರೆ, ಒಪ್ಪುತ್ತೇನೆ. ಆದರೆ ಭ್ರಷ್ಟ, ಅಸಮರ್ಥ ಎಂಬ ಬೈಗುಳಕ್ಕೆ ಕಾಗದ ಪತ್ರ ತೋರಿಸಿ ಉತ್ತರ ಕೊಡಬಹುದು, ಇಂಥದಕ್ಕೆ ಏನನ್ನು ತೋರಿಸಿ ಉತ್ತರ ಕೊಡುವುದು? ತಮ್ಮ ಗುಂಪಿಗೆ ಅಂಥ ವಿಡಿಯೊ ಬಂದಾಗ ಮುಂದೆ ಕಳುಹಿಸದೆ, ಕಳುಹಿಸಿದವರಿಗೆ ಅಳಿಸಿಹಾಕುವಂತೆ ಹೇಳುವುದು ತಮ್ಮ ಕೈಯಲ್ಲಿದೆ. ತಮಾಷೆಗೆಂದು ಒತ್ತಿದ ಒಂದು ಫಾರ್ವರ್ಡ್ ಕೂಡ ಆ ಕೈಬದಲಿನ ಭಾಗವೇ ಆಗುತ್ತದೆ.

ಪ್ರಶ್ನೆ: ರೀಲ್ಸ್ ನೋಡಿ ಯಾರಾದರೂ ಮತ ಹಾಕುತ್ತಾರೆಯೇ?

ರೀಲ್ಸ್ ಒಂದನ್ನೇ ನೋಡಿ ಹಾಕುವುದಿಲ್ಲ. 2022ರಲ್ಲಿ ಸನ್ನಾ ಮರಿನ್ ಗೆಳೆಯರ ಜೊತೆ ಕುಣಿಯುತ್ತಿದ್ದ ಖಾಸಗಿ ವಿಡಿಯೊ ಹೊರಬಿದ್ದು, ಅವರು ಮಾದಕವಸ್ತು ಪರೀಕ್ಷೆಗೂ ಒಳಗಾಗಿ, ಅದರಲ್ಲಿ ಏನೂ ಕಂಡುಬರದೆ, ಲೋಕದ ನಾನಾ ಕಡೆಯ ಮಹಿಳೆಯರು ತಾವು ಕುಣಿಯುವ ವಿಡಿಯೊಗಳನ್ನು ಹಾಕಿ ಬೆಂಬಲಿಸಿದ್ದು ನೆನಪಿರಬಹುದು. ಮರುವರ್ಷದ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ ಅವರ ಪಕ್ಷದ ಸ್ಥಾನಗಳು 40ರಿಂದ 43ಕ್ಕೆ ಏರಿದವು, ಆದರೆ ಪಕ್ಷ ಮೂರನೆಯ ಸ್ಥಾನಕ್ಕೆ ಇಳಿದು ಅಧಿಕಾರ ಕೈತಪ್ಪಿತು. ಜನಪ್ರಿಯತೆ ಅವರನ್ನು ಮುಳುಗಿಸಲಿಲ್ಲ, ದಡವನ್ನೂ ಸೇರಿಸಲಿಲ್ಲ. ಜಾಲತಾಣದಿಂದ ಆಗುವುದು ಬೇರೆಯೇ ಕೆಲಸ: ದೊಡ್ಡ ಪತ್ರಿಕೆ, ದೊಡ್ಡ ವಾಹಿನಿಗಳು ಕಡೆಗಣಿಸಿದ ಅಭ್ಯರ್ಥಿಗೆ ಮನೆಯ ಬಾಗಿಲು ತಟ್ಟುವ ಮುನ್ನವೇ ಒಂದು ಪರಿಚಯ ಸಿಗುತ್ತದೆ. ಆಮೇಲೆ ಬಾಗಿಲು ತಟ್ಟಲೇಬೇಕು.

ಒಕಾಸಿಯೊ-ಕಾರ್ಟೆಜ್ 2018ರ ಜೂನ್ 26ರಂದು, ಸತತ ಹತ್ತು ಬಾರಿ ಆಯ್ಕೆಯಾಗಿದ್ದ ಸಂಸದರನ್ನು ಪಕ್ಷದ ಒಳಚುನಾವಣೆಯಲ್ಲಿ ಸೋಲಿಸಿದಾಗ, ಅವರ ಜನಾಂಗದ ಮತಗಳು ಬಿದ್ದವು, ಅಷ್ಟೇ ಎಂದು ಕೆಲವರು ಹೇಳಿದರು. ಅದಕ್ಕೆ ಉತ್ತರವಾಗಿ ಕೆಲವೇ ದಿನಗಳಲ್ಲಿ ಅವರು ತಮ್ಮ ಪ್ರಚಾರದ ಮೊದಲ ಜೊತೆ ಶೂಗಳ ಚಿತ್ರವನ್ನು ಟ್ವಿಟರ್‌ನಲ್ಲಿ ಹಾಕಿದರು. ಅಡಿ ಸವೆದು ತೂತು ಬಿದ್ದಿತ್ತು. ಮಳೆನೀರು ಒಳಗೆ ಬರುವವರೆಗೂ ಮನೆಮನೆಯ ಬಾಗಿಲು ತಟ್ಟಿದೆನೆಂದು ಅದರ ಜೊತೆ ಬರೆದಿದ್ದರು. ನಾನು ನೋಡಿದ ಪ್ರಚಾರದ ಚಿತ್ರಗಳಲ್ಲಿ ಮುಖವಿಲ್ಲದ, ಮನೆಯಿಲ್ಲದ, ನಗುವಿಲ್ಲದ ಚಿತ್ರಗಳು ವಿರಳ, ಅದು ಅಂಥದೊಂದು. ಆ ಶೂಗಳನ್ನು ಅದೇ ವರ್ಷದ ಕೊನೆಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರದರ್ಶನವೊಂದರಲ್ಲಿ ನೋಡಲು ಇಟ್ಟಿದ್ದರು.